ಬಲಕ್ಕೆ ಎಳೆಯುವ ವ್ಯಾನು

ಬೆಳಗಿನ ಆರು ಗಂಟೆ. ಅಮೆರಿಕದ ಟೊಲೀಡೊ ನಗರದ ಲಗ್ರಾಂಜ್ ರಸ್ತೆಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಮೂಲೆಯ ಗ್ಯಾರೇಜಿನೊಳಗೆ ಕ್ಯಾಸಿಮಿರ್ ಗುರ್ಸ್ಕಿ ಹತ್ತು ಪೌಂಡಿನ ಮರಳಚೀಲಗಳನ್ನು ಒಂದೊಂದಾಗಿ ಎತ್ತಿ ನೀಲಿ ಕಾರಿನ ಡ್ರೈವರ್ ಸೀಟಿನಲ್ಲಿ ಪೇರಿಸುತ್ತಿದ್ದಾರೆ. ವಯಸ್ಸು ಅರವತ್ತೆಂಟು. ಚೀಲಕ್ಕೊಂದು ಸಲ "ಹುಂ" ಅನ್ನುತ್ತಾರೆ. ಕಾರಿನ ಒಡತಿ, ಶಾಲೆ ಬಸ್ಸು ಓಡಿಸುವ ದಪ್ಪನೆಯ ಹೆಂಗಸು, ಕಾಫಿ ಹಿಡಿದು ಪಕ್ಕದಲ್ಲೇ ನಿಂತಿದ್ದಾಳೆ.

"ತೂಕ ಎಷ್ಟಮ್ಮಾ?"

"ನೂರಾ ಐವತ್ತು."

"ಆಯ್ತು" ಅಂದು ಗುರ್ಸ್ಕಿ ಹದಿನೇಳು ಚೀಲ ಇಡುತ್ತಾರೆ.

"ಏಯ್, ನಾನು ಎಣಿಸ್ತಾ ಇದೀನಿ!"

"ನಾನೂ ಎಣಿಸ್ತಾ ಇದೀನಿ ತಾಯಿ. ಹೋದ ವಾರ ಜಾಮು ತುಂಬಿದ ಪೂಂಚ್ಕಿ ಬನ್ನು ಎಷ್ಟು ತಿಂದ್ರಿ ಹೇಳಿ. ಈಸ್ಟರ್ ಉಪವಾಸ ಶುರುವಾದ್ಮೇಲೆ ಬನ್ನಿ, ಎರಡು ಚೀಲ ಕಮ್ಮಿ ಮಾಡೋಣ."

ಅವಳು ನಗುತ್ತಾ, ಬೈಯುತ್ತಾ ಹೊರಗೆ ಹೋಗುತ್ತಾಳೆ. ಇಲ್ಲಿ ನಿಜವಾದ ತೂಕ ಹೇಳಿದವರು ಯಾರೂ ಇಲ್ಲ. ಇವರ ಬಗ್ಗೆ ಬರೆಯಲು ಬಂದ ನಾನೂ ನನ್ನ ಕಾರಿನ ಸರದಿಯಲ್ಲಿ ಹತ್ತು ಪೌಂಡು ನುಂಗಿಹಾಕಿದವನೇ, ಸುಳ್ಳೇಕೆ.

ಚಕ್ರಗಳ ಅಲೈನ್‌ಮೆಂಟ್ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಖಾಲಿ ಕಾರನ್ನು ಮೇಲೆತ್ತಿ, ಪರದೆಯ ಮೇಲಿನ ಅಂಕಿ ಹಸಿರಾದ ಕೂಡಲೇ ಕೆಳಗಿಳಿಸುತ್ತಾರೆ. ಗುರ್ಸ್ಕಿಗೆ ಅದು ಒಗ್ಗದು. "ಖಾಲಿ ಕಾರು ಎಲ್ಲಿಗೆ ಹೋಗುತ್ತೆ ಹೇಳಿ? ಮನುಷ್ಯ ಕೂತ ಕೂಡ್ಲೇ ಆ ಕಡೆ ಸ್ಪ್ರಿಂಗ್ ಕುಗ್ಗುತ್ತೆ, ಚಕ್ರದ ತಲೆ ಒಳಗೆ ವಾಲುತ್ತೆ. ಕೂರೋರ ಭಾರ ಇಟ್ಟೇ ಅಳೀಬೇಕು. ನನಗೆ ಕೆಲಸ ಕಲಿಸಿದ ಮುದುಕ ಹೊಡೆದು ಹೇಳಿಕೊಟ್ಟ ಪಾಠ ಇದು."

ಆ ಪಾಠವನ್ನು ಅವರು ನನಗೂ ಹೇಳಿಕೊಟ್ಟರು. ಚಕ್ರದ ತಲೆ ಒಳಗೋ ಹೊರಗೋ ವಾಲುವುದು ಕ್ಯಾಂಬರ್. ಹೊರಗೆ ಹೆಚ್ಚು ವಾಲಿದ ಕಡೆಗೆ ಬಂಡಿ ಎಳೆಯುತ್ತದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುವುದು ಕ್ಯಾಸ್ಟರ್ ಅನ್ನುವ ಕೋನದಿಂದ. ಇನ್ನು ಟೋ ಅಂದರೆ ಎರಡು ಚಕ್ರಗಳ ಮೂತಿ. "ಜಗಳ ಆಡಿದ ಗಂಡ ಹೆಂಡ್ತಿ ಥರ ಒಂದು ಆ ಕಡೆ, ಒಂದು ಈ ಕಡೆ ಮುಖ ತಿರುಗಿಸ್ಕೊಂಡ್ರೆ ಮುಗೀತು, ಕಾರು ಒಂದು ಕಡೆ ನಿಲ್ಲಲ್ಲ, ಟೈರು ಸವೆದು ಹೋಗುತ್ತೆ."

ನಲವತ್ತೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ಎಂಟು ಕಾರು. ಮಾರ್ಚಿನಲ್ಲಿ ಹಿಮ ಕರಗಿ ನಮ್ಮ ರಸ್ತೆಗಳ ಗುಂಡಿಗಳು ಬಯಲಾದ ಮೇಲೆ ಹನ್ನೆರಡು. ಒಂದು ಮೊಣಕಾಲು ಹೋಗಿದೆ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ತಿಂದು ಕಚ್ಚಿಕೊಂಡ ನಟ್ಟುಗಳನ್ನು ತಿರುಗಿಸಿ ತಿರುಗಿಸಿ ಬಲ ಭುಜವೂ ಅರ್ಧ ಹೋಗಿದೆ. ಕಾರು ನೆಟ್ಟಗೆ ಓಡಿದರೆ ಅದನ್ನು ನೆಟ್ಟಗೆ ಮಾಡಿದವನ ನೆನಪು ಯಾರಿಗೆ ಬರುತ್ತದೆ?

ಇಷ್ಟೆಲ್ಲ ಬಲ್ಲವರ ಸ್ವಂತ ವ್ಯಾನು ಮಾತ್ರ ಗ್ಯಾರೇಜಿನ ಹಿಂದೆ ಬೋಳು ಟೈರಿನ ಮೇಲೆ ನಿಂತಿದೆ. ಮುಂದಿನ ಬಲ ಟೈರಿನ ಹೊರ ಅಂಚಿನಲ್ಲಿ ತಂತಿ ಕಾಣುತ್ತಿದೆ. ಗ್ಯಾರೇಜಿನ ಒಡತಿ ಒಡೆಸ್ಸಾ ಟಿಬ್ಸ್ ನಿನ್ನೆ ಸಂಜೆ ಅದರ ಬೀಗದ ಕೈ ಕಿತ್ತುಕೊಂಡು ಗುರ್ಸ್ಕಿಯನ್ನು ಬಸ್ಸಿನಲ್ಲಿ ಮನೆಗೆ ಕಳಿಸಿದ್ದಾಳೆ. "ಒಂಬತ್ತು ತಿಂಗಳಿಂದ ಬಾಯಿ ಬಡ್ಕೋತಾ ಇದೀನಿ" ಅಂದಳು ನನ್ನ ಮುಂದೆ. "ಮಳೇಲಿ ಸೇತುವೆ ಮೇಲೆ ಟೈರ್ ಸಿಡೀಲಿ ಅಂತ ಕಾಯ್ತಿದಾನೆ ಈ ಮುದುಕ. ಇವನನ್ನೂ ಮಣ್ಣು ಮಾಡೋ ಶಕ್ತಿ ನನಗಿಲ್ಲ."

ಒಂಬತ್ತು ತಿಂಗಳ ಹಿಂದೆ ತೀರಿಕೊಂಡವರು ರೆಜೈನಾ, ಗುರ್ಸ್ಕಿಯ ಹೆಂಡತಿ. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆ, ದಾರಿ ಹನ್ನೊಂದು ಮೈಲಿ. ಸ್ಟಿಯರಿಂಗ್ ಚೂರು ತಿದ್ದಿದರೂ ಆಕೆಯ ಬೆನ್ನಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಗುರ್ಸ್ಕಿ ವ್ಯಾನನ್ನು ಇಬ್ಬರ ಭಾರಕ್ಕೆ ಹೊಂದಿಸಿದರು. ಎಡಕ್ಕೆ ತಮ್ಮದು, ಬಲಕ್ಕೆ ಅವಳದು.

"ತಿಂಗಳಿಗೊಂದ್ಸಲ ಕೇಳ್ತಿದ್ದೆ, ಎಷ್ಟಿದೀಯೇ ಅಂತ. ಪ್ರತಿ ಸಲ ನೂರಾ ನಲವತ್ತು ಅನ್ನೋಳು. ಹದಿನಾಲ್ಕು ಚೀಲ ಇಟ್ಟು ಹೊಂದಿಸ್ತಿದ್ದೆ. ಅವಳನ್ನ ಕೂರಿಸ್ಕೊಂಡು ಹೊರಟ್ರೆ ವ್ಯಾನು ಮೆಲ್ಲಗೆ ಬಲಕ್ಕೆ ಎಳೆಯೋದು. ಅವಳನ್ನ ಇಳಿಸಿ ಮತ್ತೆ ಅಳೆದು ನೋಡ್ದೆ. ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ." ಕೈ ಒರೆಸಿಕೊಳ್ಳುತ್ತಾರೆ. "ನಲವತ್ತು ವರ್ಷದಲ್ಲಿ ತೂಕ ಜಾಸ್ತಿ ಮಾಡಿ ಹೇಳಿದ ಹೆಂಗಸು ಅವಳೊಬ್ಬಳೇ ಕಣ್ರೀ. ಕೊನೇಗೆ ತೊಂಬತ್ತೂ ಇರಲಿಲ್ಲ, ಅದಕ್ಕೇ ಬಲ ಚಕ್ರ ಹೊರಗೆ ವಾಲ್ತಿದ್ದದ್ದು. ನನಗೆ ಗೊತ್ತಾಗ್ಬಾರ್ದು ಅಂತ ಎರಡೆರಡು ಕೋಟು ಹಾಕ್ಕೋತಿದ್ಲು."

"ನೀವು ಕೇಳಲಿಲ್ವಾ?"

"ಏನಂತ ಕೇಳ್ಲಿ? ಅವಳು ನೂರಾ ನಲವತ್ತು ಅಂತಿದ್ಲು. ನಾನು ಹ್ಞೂಂ ಅಂತಿದ್ದೆ."

ಆಮೇಲೆ ಆ ಸೀಟು ಖಾಲಿಯಾಯಿತು, ವ್ಯಾನು ಇನ್ನೂ ಜೋರಾಗಿ ಬಲಕ್ಕೆ ಎಳೆಯತೊಡಗಿತು. ಅವರು ಸರಿಮಾಡಲಿಲ್ಲ. ಒಂದು ಗಂಟೆಯ ಕೆಲಸ ಅದು.

ಇವತ್ತು ಮಧ್ಯಾಹ್ನ ಒಡೆಸ್ಸಾ ತಾನೇ ವ್ಯಾನನ್ನು ಒಳಗೆ ತಂದು ಹೊಸ ಟೈರು ಹಾಕಿಸುತ್ತಾಳೆ. ಡ್ರೈವರ್ ಸೀಟಿಗೆ ಗುರ್ಸ್ಕಿಯ ಹದಿನೆಂಟು ಚೀಲ ಪೇರಿಸಿ, ಎಲ್ಲರನ್ನೂ ಅವರು ಕೇಳುವ ಹಾಗೆಯೇ ಅವರನ್ನು ಕೇಳುತ್ತಾಳೆ.

"ಬಲಗಡೆ ಎಷ್ಟು, ಕ್ಯಾಸ್?"

ಗುರ್ಸ್ಕಿ ನೆಲ ನೋಡುತ್ತಾ, "ಹದಿನಾಲ್ಕು" ಅನ್ನುತ್ತಾರೆ.

ಒಡೆಸ್ಸಾ ಹದಿನಾಲ್ಕು ಚೀಲ ತಂದು ಬಲ ಸೀಟಿನಲ್ಲಿ ಇಡುತ್ತಾಳೆ. ಸೀಟಿನಲ್ಲಿ ಯಾರೋ ಕೂತರೆಂದು ತಿಳಿದು ವ್ಯಾನು ಟಿಣ್ ಟಿಣ್ ಅಂತ ಬಡಿದುಕೊಳ್ಳುತ್ತದೆ, ಬೆಲ್ಟು ಹಾಕಿ ಅಂತ. ಗುರ್ಸ್ಕಿ ಬಾಗಿಲ ಬಳಿ ಹೋಗಿ ಬೆಲ್ಟ್ ಎಳೆದು, ಚೀಲಗಳ ಮೇಲಿಂದ ತಂದು ಸಿಕ್ಕಿಸಲು ಹೋದವರು ಹಾಗೇ ನಿಂತುಬಿಡುತ್ತಾರೆ. ಟಿಣ್ ಟಿಣ್ ನಡೆದೇ ಇದೆ. ನನಗೆ ಅಲ್ಲಿಂದ ಎದ್ದು ಹೋಗೋಣ ಅನ್ನಿಸಿತು.

"ಇಲ್ಲ ಬಿಡು" ಅನ್ನುತ್ತಾರೆ ಕೊನೆಗೆ. ಒಡೆಸ್ಸಾ ಮುಂದೆ ಬಂದರೆ, "ನೀನು ಪಕ್ಕಕ್ಕೆ ಸರಿ, ನಾನೇ ತೆಗೀತೀನಿ." ಹದಿನಾಲ್ಕು ಚೀಲವನ್ನೂ ಒಂದೊಂದಾಗಿ ಇಳಿಸುತ್ತಾರೆ. ಈ ಸಲ "ಹುಂ" ಅನ್ನುವುದಿಲ್ಲ. ಆಮೇಲೆ ವ್ಯಾನಿನ ಕೆಳಗೆ ನುಗ್ಗಿ ಗಂಟೆ ಹೊತ್ತು ಕೆಲಸ ಮಾಡುತ್ತಾರೆ, ಊರಿನ ಯಾವ ಕಾರಿಗೂ ಮಾಡುವಷ್ಟೇ ಶ್ರದ್ಧೆಯಿಂದ.

ಓಡಿಸಿ ನೋಡದೆ ಅವರು ಯಾವ ಬಂಡಿಯನ್ನೂ ಬಿಟ್ಟುಕೊಟ್ಟವರಲ್ಲ. ನಾನೂ ಬರಲೇ ಅಂದೆ. "ಬನ್ನಿ. ಹಿಂದುಗಡೆ ಸರಿಯಾಗಿ ಮಧ್ಯೆ ಕೂತ್ಕೊಳ್ಳಿ, ಒಂದು ಕಡೆ ಭಾರ ಬೀಳ್ಬಾರ್ದು." ಮುಂದಿನ ಬಲ ಸೀಟಿನಲ್ಲಿ ಸ್ವಲ್ಪ ಮರಳು ಚೆಲ್ಲಿತ್ತು.

ನದಿಯ ಪಕ್ಕದ ನೇರ ರಸ್ತೆಗೆ ಬಂದ ಮೇಲೆ ಗುರ್ಸ್ಕಿ ಎರಡೂ ಕೈ ಸ್ಟಿಯರಿಂಗಿನಿಂದ ಎತ್ತಿ ಹಿಡಿದರು. ವ್ಯಾನು ತನ್ನಷ್ಟಕ್ಕೆ ಹೋಗುತ್ತಿದೆ. ಬಿಳಿ ಗೆರೆ ಎಷ್ಟು ದೂರ ಇತ್ತೋ ಅಷ್ಟೇ ದೂರ. ಕನ್ನಡಿಯಲ್ಲಿ ಅವರ ಕಣ್ಣು ತುಂಬಿದ್ದು ಕಾಣುತ್ತಿದೆ.

"ಹೇಗಿದೆ?" ಅಂದೆ, ಏನಾದರೂ ಅನ್ನಬೇಕಲ್ಲ ಅಂತ.

"ಅವಳ ಕಡೆ ಎಳೀತಾನೇ ಇಲ್ಲ" ಅಂದರು. "ತಪ್ಪು ಹುಡುಕ್ತಾ ಇದೀನಿ ಸ್ವಾಮಿ, ಒಂದೂ ಸಿಕ್ತಾ ಇಲ್ಲ."