ಎರಡು ಸೆಕೆಂಡಿನ ದೇವದುರ್ಗ

ಎಂಬತ್ತೆಂಟರಲ್ಲಿ ರಾಯಚೂರಿನ ಒಂದು ಬೀಜ-ಗೊಬ್ಬರ ಸಹಕಾರಿ ಸಂಘ ಮೂರು ಕಂಪ್ಯೂಟರ್ ಕೊಂಡಿತು. ಒಂದು ಇಲ್ಲಿಗೆ, ಉಳಿದೆರಡು ದೇವದುರ್ಗ, ಮಾನ್ವಿ ಶಾಖೆಗಳಿಗೆ. ಅವನ್ನು ನಡೆಸಲು ಬಂದವಳು ಕುಬ್ರಾ ಬೇಗಂ. ಹೈದರಾಬಾದಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಪ್ರೋಗ್ರಾಮಿಂಗ್ ಕಲಿತಿದ್ದಳು. ಅವಳ ತಾಯಿ ಮಾತ್ರ ಕೇಳಿದವರಿಗೆಲ್ಲ ಮಗಳು ಟೈಪಿಸ್ಟ್ ಎಂದೇ ಹೇಳುತ್ತಿದ್ದರು. ನಿಜ ಹೇಳಿದರೆ ಅರ್ಧ ತಾಸು ವಿವರಿಸಬೇಕಾಗುತ್ತಿತ್ತು.

ಕಡತ ಇಲ್ಲಿಯ ಡಿಸ್ಕಿನಲ್ಲಿದ್ದರೆ ತೆರೆಯುವ ಬಗೆ ಒಂದು, ಟೆಲಿಫೋನ್ ತಂತಿಯ ಆಚೆ ಇದ್ದರೆ ಇನ್ನೊಂದು. ಕುಬ್ರಾ ಎರಡನ್ನೂ, ಎಲ್ಲ ಪ್ರೋಗ್ರಾಮುಗಳೂ ಕರೆದು ಬಳಸುವಂಥ ಒಂದೇ ಲೈಬ್ರರಿಯಾಗಿ ಬರೆದು ‘ತಾ’ ಎಂದು ಹೆಸರಿಟ್ಟಳು. ಸಂಘದ ಯಾವ ಪ್ರೋಗ್ರಾಮೇ ಆಗಲಿ, ‘ತಾ’ಗೆ ಕಡತದ ಹೆಸರು ಕೊಟ್ಟರೆ ಸಾಕು. ಇಲ್ಲಿದ್ದರೆ ಇಲ್ಲಿಂದ, ಇಲ್ಲವಾದರೆ ಶಾಖೆಗೆ ಫೋನು ಹಚ್ಚಿ ತಂದುಕೊಡುತ್ತಿತ್ತು. ಹಗಲು ಲೈನು ಸಿಗುವುದು ಕಷ್ಟ. ಹಾಗಾಗಿ ಶಾಖೆಗಳ ಕಡತಗಳ ನಕಲನ್ನು ಬೆಳಿಗ್ಗೆಯೇ ತರಿಸಿಡುವಂತೆಯೂ ಮಾಡಿದಳು.

ಮೊದಲ ದಿನ ಮ್ಯಾನೇಜರ್ ವಿರೂಪಣ್ಣ ದೇವದುರ್ಗದ ಯೂರಿಯಾ ದಾಸ್ತಾನು ಕೇಳಿದರು. ಎರಡೇ ಸೆಕೆಂಡಿಗೆ ಪರದೆಯ ಮೇಲೆ ಬಂತು. ಅವರು ಮುಖ ಗಂಟು ಹಾಕಿದರು.

“ಇಷ್ಟೊತ್ತಿನಾಗ ದೇವದುರ್ಗದ ಬಸ್ಸು ಸ್ಟ್ಯಾಂಡ್ ಸುದ್ದಾ ಬಿಟ್ಟಿರಂಗಿಲ್ಲ. ಇದು ನೀ ಇಲ್ಲೇ ಬರದಿಟ್ಟಿದ್ದು.”

ಕುಬ್ರಾ ಹೇಳಿದ ಬೆಳಗಿನ ನಕಲಿನ ಮಾತು ಅವರ ತಲೆಗೆ ಹೋಗಲಿಲ್ಲ. ಗುಮಾಸ್ತ ಮೌನಪ್ಪನನ್ನು ಬಸ್ಸಿನಲ್ಲಿ ದೇವದುರ್ಗಕ್ಕೆ ಅಟ್ಟಿದರು. ಸಂಜೆ ಅವನು ತಂದ ಚೀಟಿಯಲ್ಲೂ ಅದೇ ಅಂಕಿಗಳಿದ್ದವು. ಆದರೂ ಅನುಮಾನ ಹೋಗಲಿಲ್ಲ.

ಮರುದಿನ ಕುಬ್ರಾ ‘ತಾ’ದೊಳಗೆ ನಾಲ್ಕು ಸಾಲು ಸೇರಿಸಿದಳು. ಶಾಖೆಯ ಕಡತ ಕೇಳಿದರೆ ಪರದೆಯ ಮೇಲೆ ಒಂದೊಂದೇ ಚುಕ್ಕಿ ಮೂಡುತ್ತ ನಾಲ್ಕು ನಿಮಿಷ ಕಳೆಯಬೇಕು. ವಿರೂಪಣ್ಣ ಕುರ್ಚಿ ಎಳೆದುಕೊಂಡು ಚುಕ್ಕಿ ನೋಡುತ್ತ ಕೂತರು. ಕಡತ ಈಗ ದಾರಿಯ ಕಲ್ಮಲ ಊರು ದಾಟಿರಬೇಕು ಎಂದು ತಾವೇ ಅಂದಾಜು ಮಾಡಿದರು. ಕುಬ್ರಾ ಫ್ಲಾಪಿ ಹುಡುಕುವ ನೆವದಲ್ಲಿ ಮೇಜಿನ ಕೆಳಗೆ ಬಗ್ಗಿ ನಕ್ಕಳು. ಕಡತ ಬಂದಾಗ ಅವರು ಒಂದಂಕಿಯನ್ನೂ ಪ್ರಶ್ನಿಸಲಿಲ್ಲ.

ಆರು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ರಸ್ತೆ ಅಗೆಯುವವರು ಫೋನಿನ ತಂತಿ ಕಡಿದುಹಾಕಿದರು. ಆಮೇಲೂ ಚುಕ್ಕಿಗಳು ಮೂಡಿದವು, ದೇವದುರ್ಗದ ಕಡತವೂ ಬಂತು. ವಿರೂಪಣ್ಣ ಸದ್ದಿಲ್ಲದ ರಿಸೀವರನ್ನು ಕಿವಿಗಿಟ್ಟು ನೋಡಿ, ಕುಬ್ರಾಳ ಕಡೆ ತಿರುಗಿದರು. ಕೆಲಸ ಹೋಯಿತೆಂದುಕೊಂಡ ಅವಳು ಎಲ್ಲ ಒಪ್ಪಿಕೊಂಡು, ಆ ಸಾಲುಗಳನ್ನು ಈಗಲೇ ತೆಗೆಯುವುದಾಗಿ ಹೇಳಿದಳು.

ಅವರು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

“ತೆಗಿಬ್ಯಾಡವ್ವಾ. ನಾಳಿ ಅಧ್ಯಕ್ಷರು ಬಂದು ಮಾನ್ವಿ ಕಡತ ಕೇಳ್ತಾರ. ಅವರಿಗಿ ಹತ್ತು ನಿಮಿಷ ಇಡು. ಲಗೂನ ಬಂದ್ರ ಅವರೂ ನಂಬಂಗಿಲ್ಲ.”

ಬೆಳಗಾಗುವುದರೊಳಗೆ ತಂತಿ ಕೂಡಿತ್ತು. ಅಧ್ಯಕ್ಷ ಹಂಪಣ್ಣ ಹತ್ತು ನಿಮಿಷ ಮಿಸುಕದೆ ಕೂತರು. ಹೋಗುವಾಗ, ಇಂಥ ಕಷ್ಟದ ಕೆಲಸ ಮಾಡುವ ಹುಡುಗಿಯನ್ನು ಕಾಯಂ ಮಾಡಿರೆಂದು ಹೇಳಿಹೋದರು. ಆದೇಶ ಕೈಗೆ ಬಂದ ದಿನ ಕುಬ್ರಾ ತನ್ನ ಸ್ವಂತ ಬಳಕೆಗೆಂದು ಚುಕ್ಕಿಯಿಲ್ಲದ ಇನ್ನೊಂದು ‘ತಾ’ ಬರೆದುಕೊಂಡಳು.