ಡೆಲ್ಮಿರಾ ಕೂರಿಸುವ ಎಂಜಿನ್

ಗೋಧಿ ಹೊಲಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಸಾಂತಾ ಫೆ ಬಯಲಿನ ನಮ್ಮೂರ ಏರೋಕ್ಲಬ್ಬಿನ ಶೆಡ್ಡಿನಲ್ಲಿ, ಮೂಗಿಲ್ಲದ ಪುಟ್ಟ ವಿಮಾನವೊಂದರ ಮುಂದೆ ಡೆಲ್ಮಿರಾ ಗಸ್ತಾಲ್ದಿ ಮಂಡಿಯೂರಿ ಕೂತಿದ್ದಾರೆ. ಎಂಜಿನ್ನಿನ ಅಷ್ಟೂ ಭಾರ ಹೊರಬೇಕಾದ ಉಕ್ಕಿನ ಕೊಳವೆಗಳ ಚೌಕಟ್ಟನ್ನು ವಿಮಾನದ ಮುಂಗೋಡೆಗೆ ಆನಿಸಿ, ಬೋಲ್ಟನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತುತ್ತಾರೆ. ಅದು ಸರಾಗವಾಗಿ ಜಾರುತ್ತದೆ.

"ಸುತ್ತಿಗೆ ಬೇಕಾಯ್ತು ಅಂದ್ರೆ ಎಲ್ಲೋ ತಪ್ಪಾಗಿದೆ ಅಂತ," ಎನ್ನುತ್ತ ವಾಷರ್ ಹಾಕಿ ನಟ್ಟು ಬಿಗಿಯುತ್ತಾರೆ. ಅದು ಸಡಿಲವಾಗದಂತೆ ಅಡ್ಡಪಿನ್ನು ತೂರಿಸಿ, ತುದಿ ಮಡಚುತ್ತಾರೆ. ಆಮೇಲಷ್ಟೇ ನನ್ನ ಕೈಯಿಂದ ‘ಮಾತೆ’ ಎಂಬ ಕಹಿ ಎಲೆಚಹಾ ತುಂಬಿದ ಸೋರೆಬುರುಡೆ ಇಸಿದುಕೊಂಡು ಒಂದು ಗುಟುಕು ಹೀರುತ್ತಾರೆ.

ವಿಮಾನ ಬೇಕರಿಯ ಎವಾರಿಸ್ತೋ ಪಾಲಿಯೇರೋ ಅವರದು. ರೊಟ್ಟಿ ಬೇಯಿಸಿ ಉಳಿದ ಹೊತ್ತಿನಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲೇ ವರ್ಷಗಟ್ಟಲೆ ಕೂತು ಕಟ್ಟಿದ್ದು. ಎಂಜಿನ್ ಕೂರಿಸುವ ಕೆಲಸ ಮಾತ್ರ ಡೆಲ್ಮಿರಾಗೆ ಬಿಟ್ಟಿದ್ದಾರೆ.

ಮೊದಲು ಈ ಕೆಲಸ ಅವರ ಅಪ್ಪ ಕಾಸಿಮಿರೋ ಅವರದಾಗಿತ್ತು. ಸುತ್ತಲಿನ ಊರುಗಳಿಗೆಲ್ಲ ಅವರೇ ಮೆಕ್ಯಾನಿಕ್. ಮಗಳು ವಿಮಾನದ ರೆಕ್ಕೆಗೆ ಹೊದಿಸುವ ಬಟ್ಟೆ ಹೊಲಿಯುವವಳು ಎಂದೇ ಎಲ್ಲರ ಲೆಕ್ಕ. ಅಪ್ಪ ತೀರಿಕೊಂಡ ಮೇಲೆ ಶೆಡ್ಡಿಗೆ ಯಾರೂ ವಿಮಾನ ತರಲಿಲ್ಲ. ಡೆಲ್ಮಿರಾ ಶಾಲೆಯ ಸಮವಸ್ತ್ರ ಹೊಲಿದು ಬದುಕಿದರು. ಮೊದಲು ಬಂದ ಗಿರಾಕಿಯೇ ಎವಾರಿಸ್ತೋ.

ಆ ಗಿರಾಕಿಯೂ ಕೈತಪ್ಪುವುದರಲ್ಲಿತ್ತು. ಕಳೆದ ತಿಂಗಳು ಚೌಕಟ್ಟನ್ನು ಆನಿಸಿ ನೋಡಿದರೆ ಬೋಲ್ಟಿನ ಒಂದು ತೂತು ಮುಂಗೋಡೆಯ ತೂತಿಗೆ ಕೂಡಿಬರಲಿಲ್ಲ. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಹಾರಲೇಬೇಕೆಂದಿದ್ದ ಎವಾರಿಸ್ತೋಗೆ ತಾಳ್ಮೆ ಕೆಟ್ಟಿತು.

"ಕೂದಲೆಳೆ ಅಷ್ಟೇ ಮಗಳೇ. ನಿಮ್ಮಪ್ಪ ಇದ್ದಿದ್ರೆ ತೂತು ಉಜ್ಜಿ ಬೋಲ್ಟು ತೂರಿಸಿಬಿಡ್ತಿದ್ದ."

"ಎಳೆದು ಕೂರಿಸಿದ್ರೆ ಕೊಳವೆ ಹಾರ್ತಾ ಹಾರ್ತಾ ಬಿರುಕು ಬಿಡುತ್ತೆ, ದೋನ್ ಎವಾರಿಸ್ತೋ. ಅಪ್ಪ ಇದ್ದಾಗ್ಲೂ ಕೂರಿಸ್ತಿದ್ದೋಳು ನಾನೇ."

ಅಪ್ಪನ ಕೈ ನಡುಗಲು ಶುರುವಾದಂದಿನಿಂದ ಅಪ್ಪ ಮಗಳ ನಡುವೆಯೇ ಉಳಿದಿದ್ದ ಗುಟ್ಟು ಅದು. ಎವಾರಿಸ್ತೋ ಟೋಪಿ ಎತ್ತಿಕೊಂಡು ಹೊರಟುಹೋದರು. ಗಿರಾಕಿ ಹೋದ ಚಿಂತೆಗಿಂತ, ಸತ್ತವರ ಮರ್ಯಾದೆ ತೆಗೆದೆನಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು ಎನ್ನುತ್ತಾರೆ ಡೆಲ್ಮಿರಾ. ಚರ್ಚಿಗೆ ಹೋಗಿ ಅಪ್ಪನ ಹೆಸರಲ್ಲಿ ಮೇಣದಬತ್ತಿ ಹಚ್ಚಿ ಬಂದರಂತೆ.

ವಾರ ಕಳೆದು ಬೇಕರಿಯವರು ಬಂದರು. ಕೈಯಲ್ಲಿ ಬಿಸಿ ಬನ್ನಿನ ಪೊಟ್ಟಣ.

"ನಿಮ್ಮಪ್ಪನಿಗೆ ಕಾಫಿ ಲೋಟ ಹಿಡಿಯೋಕೂ ಎರಡು ಕೈ ಬೇಕಿತ್ತು. ಅದು ನನ್ನ ಕಣ್ಣಿಗೆ ಬಿದ್ದಿಲ್ವಾ ಮಗಳೇ? ಕೆಲಸ ಯಾರ ಕೈದು ಅಂತ ಗೊತ್ತಿದ್ದೇ ನಿನ್ನ ಹತ್ರ ಬಂದಿದ್ದು. ಆವತ್ತು ಸಿಟ್ಟಲ್ಲಿ ಏನೋ ಅಂದೆ. ತಡವಾದ್ರೂ ಪರವಾಗಿಲ್ಲ, ಚೌಕಟ್ಟು ಕತ್ತರಿಸಿ ಸರಿಮಾಡು."

ಡೆಲ್ಮಿರಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಕೊಳವೆ ಕತ್ತರಿಸಿ, ಅಳತೆಗೆ ಸರಿಯಾಗಿ ಹೊಸದಾಗಿ ವೆಲ್ಡ್ ಮಾಡಿಸಿದರು. ವಾರ್ಷಿಕೋತ್ಸವ ಆ ವಿಮಾನವಿಲ್ಲದೆಯೇ ಮುಗಿಯಿತು.

ನಾನು ಮತ್ತೆ ಬರುವುದು ಶನಿವಾರ, ಮೊದಲ ಹಾರಾಟಕ್ಕೆ. ಎವಾರಿಸ್ತೋ ಒಬ್ಬರೇ ಏರುತ್ತಾರೆ, ಹೊಲಗಳ ಮೇಲೆ ದೊಡ್ಡ ಸುತ್ತು ಹಾಕಿ ಇಳಿಯುತ್ತಾರೆ. ತಬ್ಬಿಕೊಳ್ಳಲು ಬಂದ ಅವರನ್ನು ಡೆಲ್ಮಿರಾ ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಎಂಜಿನ್ನಿನ ಮುಚ್ಚಳ ತೆಗೆಸಿ, ಟಾರ್ಚ್ ಬೆಳಕು ಬಿಟ್ಟು ಪ್ರತಿ ಪಿನ್ನನ್ನೂ ಮುಟ್ಟಿ ನೋಡುತ್ತಾರೆ. ಯಾವುದೂ ಅಲುಗಿಲ್ಲ. ಆಮೇಲೆ ತಬ್ಬಿಕೊಳ್ಳಲು ಬಿಡುತ್ತಾರೆ.

ಅಷ್ಟರಲ್ಲಿ ಕ್ಲಬ್ಬಿನ ಫೋನ್ ಮೊಳಗುತ್ತದೆ, ನಾನು ಎತ್ತುತ್ತೇನೆ. ಪಕ್ಕದ ಊರಿನ ಯಾರೋ. ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ಎಂಜಿನ್ ಕೂರಿಸಬೇಕಂತೆ, ಮೆಕ್ಯಾನಿಕ್ ಗಸ್ತಾಲ್ದಿ ಅವರನ್ನು ಕರೆಯುತ್ತೀರಾ ಎಂದು ಕೇಳುತ್ತಾರೆ. ಡೆಲ್ಮಿರಾ ಕೈ ಒರೆಸಿಕೊಂಡು ರಿಸೀವರ್ ತೆಗೆದುಕೊಳ್ಳುತ್ತಾರೆ.

"ನಾನೇ ಮಾತಾಡ್ತಿರೋದು. ಹೇಳಿ."