ಆಯಿಯ ಬಾವಿ ಕತೆ, ಹ್ಞೂಂ ಸಮೇತ

ವಿಶ್ವವಿದ್ಯಾಲಯದ ದಾಖಲೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡೊಡನೆ ಎಲೆ-ಅಡಿಕೆ ಕುಟ್ಟುವ ಸದ್ದು ಕೇಳಿಸಿತು. ಅದರ ಹಿಂದೆಯೇ ಬೋನಾಳದ ಕಡೆಯ ನಮ್ಮ ಹಳೆಯ ಮನೆ ಎದ್ದು ಬಂತು: ಸಗಣಿ ಸಾರಿಸಿದ ಪಡಸಾಲೆ, ಜೋಳದ ಚೀಲದ ವಾಸನೆ, ಗೋಡೆಯ ಮೇಲಿನ ಬುದ್ಧ, ಕೆಳಗೆ ಕಾಲು ಚಾಚಿ ಕೂತ ನನ್ನ ಅಜ್ಜಿ. ನಿಮಗೂ ಇಂಥ ಒಂದು ಸದ್ದು ಇದ್ದೀತು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಇದೇ ವಿಶ್ವವಿದ್ಯಾಲಯದ ಮೇಡಂ ಒಬ್ಬರು ಅವಳ ಕತೆ ತುಂಬಿಕೊಳ್ಳಲು ಟೇಪ್‌ರೆಕಾರ್ಡರ್ ಹಿಡಿದು ಬಂದರು. ನಮ್ಮ ದಲಿತ ಕೇರಿಯ ಹೆಂಗಸರು, ಮುಟ್ಟಬಾರದೆಂದಿದ್ದ ಊರ ಬಾವಿಗೆ ಮೊದಲ ಸಲ ಕೊಡ ಇಳಿಸಿದ ಕತೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಮುದುಕಿಯರು ಹೋದರೆ ಅದೂ ಹೋಗುತ್ತಿತ್ತು.

ಯಾರೂ ಸದ್ದು ಮಾಡಬಾರದೆಂದು ಹೇಳಿ ಮೇಡಂ ಗುಂಡಿ ಒತ್ತಿದರು. ಆಯಿ ಎರಡು ಮಾತಾಡಿ ಸುಮ್ಮನಾದಳು. ನಮ್ಮಲ್ಲಿ ಕತೆ ಕೇಳುವವರು ಹ್ಞೂಂ ಎನ್ನುತ್ತಲೇ ಇರಬೇಕು, ಇಲ್ಲದಿದ್ದರೆ ಕತೆ ಅಲ್ಲೇ ನಿಲ್ಲುತ್ತದೆ. ಮೇಡಂ ಪಾಪ, ತಲೆಯಾಡಿಸುತ್ತಿದ್ದರು. ಆಯಿಯ ಪೊರೆ ಬಂದ ಕಣ್ಣಿಗೆ ಅದೆಲ್ಲಿ ಕಾಣಬೇಕು. “ಎದ್ದು ಹೋದ್ರೇನ್ರಿ?” ಎಂದಳು ಆಯಿ. ಆಮೇಲೆ ಮೇಡಂ ಹ್ಞೂಂ ಎನ್ನತೊಡಗಿದರು, ಆದರೆ ಮಾತು ಮುಗಿಯುವ ಮೊದಲೇ. “ತಡೀರಿ ಯವ್ವಾ, ನಾವಿನ್ನಾ ಕೊಡ ತೊಗೊಂಡಿಲ್ಲ, ನೀವು ನೀರು ಸೇದೇಬಿಟ್ರಿ.”

ಬಾಗಿಲಲ್ಲಿ ನಿಂತಿದ್ದ ಅವಳ ವಾರಗೆಯ ಮುದುಕಿಯರು ಒಳಗೆ ಬಂದು ಆ ಕೆಲಸ ವಹಿಸಿಕೊಂಡರು. ಹ್ಞೂಂ ಎನ್ನುತ್ತ ಎನ್ನುತ್ತ ಜಗಳಕ್ಕೇ ನಿಂತರು. ಮೊದಲು ಹಗ್ಗ ಬಿಟ್ಟವಳು ತಾನೇ ಎಂದು ಎಲ್ಲರ ವಾದ. “ಊರವ್ರ ಕಲ್ಲು ಬಿದ್ದಾಗ ನೀ ಬೇವಿನ ಗಿಡದ ಹಿಂದ ಅಡಗಿದ್ದಿ” ಎಂದು ಪಕ್ಕದ ಮನೆಯ ನಿಂಗಮ್ಮ ಆಯಿಯನ್ನೇ ಹಿಡಿದಳು.

“ಅಡಗಿದ್ದಿಲ್ಲ, ತಿರುಗಿ ಒಗ್ಯಾಕ ಕಲ್ಲು ಆರಸಾಕತ್ತಿದ್ನಿ” ಎಂದಳು ಆಯಿ.

ಮೇಡಂ ಕಂಗಾಲಾಗಿ, ನಾಳೆ ನಿಮ್ಮೊಬ್ಬರನ್ನೇ ಕೂರಿಸಿ ಮತ್ತೆ ಮಾಡೋಣ ಎಂದರು. ಆಯಿ ಒಪ್ಪಲಿಲ್ಲ. “ಬಾಂವಿಗಿ ನಾ ಒಬ್ಬಾಕಿನೇ ಹೋಗಿದ್ದಿಲ್ರಿ. ಈಗ ಒಬ್ಬಾಕಿ ಹ್ಯಾಂಗ ಹೇಳ್ಲಿ?” ಮೇಡಂ ಕ್ಯಾಸೆಟ್ ತಿರುವಿ ಹಾಕಿ ಮತ್ತೆ ಗುಂಡಿ ಒತ್ತಿದರು.

ಆ ಜಗಳ ಈಗ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಯಾವ ದನಿ ಯಾರದೆಂದು ಗುರುತಿಸಲು ನನ್ನನ್ನು ಕರೆಸಿದ್ದರು. ಆಯಿ, ನಿಂಗಮ್ಮ, ಎದುರು ಮನೆಯ ಭೀಮವ್ವ, ಎಲ್ಲರ ದನಿಯೂ ಗುರುತು ಸಿಕ್ಕಿತು. ಆದರೆ ಕೊಡ ತುಂಬಿ ಮೇಲೆ ಬಂತೆನ್ನುವ ಮಾತಿಗೆ ಇನ್ನೊಬ್ಬಳು ಬಿದ್ದುಬಿದ್ದು ನಗುತ್ತಾಳೆ. ಎಷ್ಟು ಕೇಳಿದರೂ ಯಾರೆಂದು ತಿಳಿಯಲಿಲ್ಲ. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಅಳು ಬಂತು. ಊರಿಗೆ ಹೋಗಿ ಕೇಳೋಣವೆಂದರೆ ಆ ಮುದುಕಿಯರಲ್ಲಿ ಒಬ್ಬರೂ ಉಳಿದಿಲ್ಲ. ಅವಳೂ ಬಾವಿಗೆ ಹೋಗಿದ್ದಳು. ಅವಳ ಹೆಸರು ನನಗೆ ಗೊತ್ತಿಲ್ಲ.